ಕಪ್ ಇರುವುದು ಮೂಲೆಯವರ ಕೈಯಲ್ಲಿ

2024ರ ಸಂಕ್ರಾಂತಿ. ನಸುಕಿನಲ್ಲಿ ಎದ್ದು ಎಳ್ಳು ಅರೆದು ಮೈಗೆ ಹಚ್ಚಿಕೊಂಡು, ನೀರು ಕಾಯಲೆಂದು ಒಲೆಯ ಮುಂದೆ ಕೂತಿದ್ದೆ. ಫೋನು ಹೊಡೆದುಕೊಂಡಿತು. ಅಮೆರಿಕದ ಡಲ್ಲಾಸಿನಲ್ಲಿರುವ ಅಕ್ಕನ ಮಗ.

“ಮಾಮಾ, ಮತ್ತ ಹೋತ್ರಿ.”

ಹಬ್ಬದ ದಿನ ಹೀಗೆಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? “ಏನ್ ಹೋತೋ? ಯಾರಿಗೇನಾತು?”

“ಯಾರಿಗೂ ಏನೂ ಆಗಿಲ್ರಿ. ನಮ್ಮ ಕೌಬಾಯ್ಸ್ ಹೋತು.”

ಬೈಯಬೇಕೆಂದುಕೊಂಡೆ. ಬೈಯಲಾಗಲಿಲ್ಲ. ಆ ದನಿ ನನಗೆ ಗುರುತಿನದು. ಬೆಂಗಳೂರು ಬುಲ್ಸ್ ಸೋತ ರಾತ್ರಿ ಸಿರಸಂಗಿಯ ನಮ್ಮ ಓಣಿಯಲ್ಲಿ ಟಿವಿ ಆರಿಸಿದ ಮೇಲೆ ಕೇಳುವ ದನಿಯೂ ಅದೇ. ನೀರು ಕುದಿಯುವ ತನಕ ಅವನು ತನ್ನ ಫುಟ್‌ಬಾಲಿನ ಗೋಳು ಹೇಳಿದ. ನಾನು ನನ್ನ ಕಬಡ್ಡಿಯ ಗೋಳು ಹೇಳಿದೆ. ಕೊನೆಗೆ ನೋಡಿದರೆ ಎರಡೂ ಒಂದೇ ಗೋಳು.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಕಾಲಿನಿಂದ ಒದೆಯುವ ಆಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಹಿಡಿದವನನ್ನು ನೆಲಕ್ಕೆ ಕೆಡವುವುದು ಆ ಆಟ. ಅವರ ವೃತ್ತಿಪರ ಲೀಗಿನಲ್ಲಿ 32 ತಂಡಗಳಿವೆ. ಪ್ರತಿ ತಂಡ 17 ಪಂದ್ಯ ಆಡುತ್ತದೆ, 14 ತಂಡಗಳು ಪ್ಲೇಆಫ್‌ಗೆ ಏರುತ್ತವೆ. ಅಲ್ಲಿಂದಾಚೆ ಒಂದು ಸೋತರೆ ಮನೆಗೆ. ಡಲ್ಲಾಸ್ ಕೌಬಾಯ್ಸ್ ಕೊನೆಯ ಸಲ ಚಾಂಪಿಯನ್ ಆದದ್ದು 1996ರ ಜನವರಿಯಲ್ಲಿ. ಆಮೇಲೆ ಫೈನಲ್ ಮುಖವನ್ನೇ ನೋಡಿಲ್ಲ. 2024ರ ಆ ಪಂದ್ಯಕ್ಕೆ ಮುಂಚೆ ತವರಿನಲ್ಲಿ ಸತತ 16 ಪಂದ್ಯ ಗೆದ್ದಿತ್ತು. ಗುಂಪಿನ ಎರಡನೇ ಶ್ರೇಯಾಂಕ ಅದರದು, ಎದುರಾಳಿ ಗ್ರೀನ್ ಬೇ ಪ್ಯಾಕರ್ಸ್‌ನದು ಏಳನೆಯದು. ಆದರೂ ಮೊದಲರ್ಧದಲ್ಲೇ 0–27ರಿಂದ ಹಿಂದೆ ಬಿದ್ದು, ಕೊನೆಗೆ 32–48ರಲ್ಲಿ ಸೋತಿತು. ಇಡೀ ಋತು ಮೆರೆದ ಕೌಬಾಯ್ಸ್‌ನ ಡ್ಯಾಕ್ ಪ್ರೆಸ್ಕಾಟ್ ಎಸೆದ ಎರಡು ಚೆಂಡು ಎದುರಾಳಿಯ ಕೈಗೆ ಹೋದವು.

“ಲೀಗಿನಾಗ ಹುಲಿ, ಪ್ಲೇಆಫ್‌ನಾಗ ಇಲಿ,” ಎಂದ ಅಳಿಯ.

ನಮ್ಮ ಕಬಡ್ಡಿಯಲ್ಲೂ ಇದೇ ಮಾತು ನಡೆಯುತ್ತದೆ. ಆದರೆ ಹುಲಿ ಇಲಿಯಾಗುವುದು ಯಾಕೆ? ಧೈರ್ಯ ಕಡಿಮೆಯಾಗಿ ಅಲ್ಲ, ಆಟವೇ ಬೇರೆಯಾಗಿ ಎಂಬುದು ಹನ್ನೆರಡು ಆವೃತ್ತಿ ಪ್ರೊ ಕಬಡ್ಡಿ ನೋಡಿದ ಮೇಲೆ ನಾನು ಕಂಡುಕೊಂಡದ್ದು. ಲೀಗು ರೇಡರ್‌ನ ಆಟ, ಪ್ಲೇಆಫ್ ಹಿಡಿಯುವವರ ಆಟ. ನಾವು ಅಭಿಮಾನಿಗಳು ಮಾತ್ರ ಎರಡೂ ಕಡೆ ರೇಡರ್‌ನನ್ನೇ ನೋಡುತ್ತಿರುತ್ತೇವೆ. ಮೊದಲೇ ಹೇಳಿಬಿಡುತ್ತೇನೆ, ಹುಡುಗನಾಗಿದ್ದಾಗ ನಾನೂ ಎಡ ಮೂಲೆಗೆ ನಿಲ್ಲುತ್ತಿದ್ದವ. ಆದ್ದರಿಂದ ಸ್ವಲ್ಪ ಪಕ್ಷಪಾತ ಇದ್ದೀತು. ಲೆಕ್ಕ ಮುಂದಿಡುತ್ತೇನೆ, ನೀವೇ ನೋಡಿ.

ಒಂದು ಉಸಿರಿನ ಬೆಲೆ

ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಆಟ 20 ನಿಮಿಷಗಳ ಎರಡು ಅರ್ಧ. ಒಂದು ರೇಡಿಗೆ 30 ಸೆಕೆಂಡು. ಎರಡೂ ಕಡೆಯವರು ಪೂರ್ತಿ ಸಮಯ ತಿಂದರೆ 40 ನಿಮಿಷದಲ್ಲಿ 80 ರೇಡು, ತಂಡಕ್ಕೆ 40. ಈ ನಲವತ್ತನ್ನು ಹೇಗೆ ಖರ್ಚು ಮಾಡುವುದು ಎಂಬುದರ ಮೇಲೆಯೇ ಪಂದ್ಯ ನಿಂತಿದೆ.

ರೇಡರ್ ಹೋಗಿ ಯಾರನ್ನೂ ಮುಟ್ಟದೆ, ಸಿಕ್ಕಿಯೂ ಬೀಳದೆ ಬಂದರೆ ಅದು ಖಾಲಿ ರೇಡು. ಸತತ ಎರಡು ಖಾಲಿಯಾದರೆ ಮೂರನೆಯದು ‘ಡೂ ಆರ್ ಡೈ’. ಅಂಕ ತರಬೇಕು, ಇಲ್ಲವೇ ಹೊರಗೆ ಹೋಗಬೇಕು. ಅಂಕಣದಲ್ಲಿ ಆರು ಅಥವಾ ಏಳು ರಕ್ಷಕರಿದ್ದರಷ್ಟೇ ಬೋನಸ್ ಗೆರೆಯ ಅಂಕ. ರಕ್ಷಕರು ಮೂವರು ಅಥವಾ ಅದಕ್ಕಿಂತ ಕಡಿಮೆಯಿದ್ದಾಗ ರೇಡರ್‌ನನ್ನು ಹಿಡಿದರೆ ಒಂದಲ್ಲ, ಎರಡು ಅಂಕ. ಅದು ಸೂಪರ್ ಟ್ಯಾಕಲ್. ಏಳೂ ಮಂದಿ ಔಟಾದರೆ ಎದುರಾಳಿಗೆ ಹೆಚ್ಚಿನ ಎರಡು ಅಂಕ. ಅದನ್ನು ಟಿವಿಯಲ್ಲಿ ಆಲೌಟ್ ಎನ್ನುತ್ತಾರೆ, ಹಳಬರು ಲೋನಾ ಎನ್ನುತ್ತಾರೆ.

ಈಗ ಲೀಗ್ ಪಂದ್ಯವನ್ನು ನೆನಪಿಸಿಕೊಳ್ಳಿ. ಈ ಸಲ ಸೋತರೆ ಮುಂದಿನ ವಾರ ಇನ್ನೊಂದಿದೆ. ಹನ್ನೊಂದನೇ ಆವೃತ್ತಿಯವರೆಗೆ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತರೂ ಪಟ್ಟಿಯಲ್ಲಿ ಒಂದು ಅಂಕ ಕೈಗೆ ಬರುತ್ತಿತ್ತು. ಹಾಗಾಗಿ ಕವರ್‌ನಲ್ಲಿ ನಿಂತ ಹುಡುಗ ಆಸೆಗೆ ಬಿದ್ದು ಮುನ್ನುಗ್ಗುತ್ತಾನೆ. ರೇಡರ್‌ಗೆ ಬೇಕಾದದ್ದೂ ಅದೇ. ಮುನ್ನುಗ್ಗಿದವನ ಮೇಲಿಂದ ಹಾರುತ್ತಾನೆ, ಕೆಳಗಿಂದ ಡುಬ್ಕಿ ಹೊಡೆಯುತ್ತಾನೆ. ಒಂದೇ ರೇಡಿಗೆ ಮೂರು ಅಂಕ ಬಾಚಿಕೊಂಡು ಬರುತ್ತಾನೆ.

ಪ್ಲೇಆಫ್‌ನಲ್ಲಿ ಅದೇ ಹುಡುಗ ಕದಲುವುದಿಲ್ಲ. ನಾಳೆಯೇ ಇಲ್ಲದ ಆಟದಲ್ಲಿ ಆಸೆಗಿಂತ ಕಾಯುವುದು ಮೇಲು. ಎರಡು ಖಾಲಿ ರೇಡು ಹೋಗಲಿ, ಮೂರನೆಯದಕ್ಕೆ ಅವನೇ ಒಳಗೆ ಬರಲೇಬೇಕು ಎಂದು ಮೂಲೆಯವನು ಮೊಣಕಾಲು ಬಗ್ಗಿಸಿ ಕೂರುತ್ತಾನೆ. ರೇಡರ್ ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣ ಹಿಮ್ಮಡಿ ಹಿಡಿಯುತ್ತಾನೆ. ಪಕ್ಕದ ಕವರ್ ಬಂದು ಸೊಂಟಕ್ಕೆ ಗುದ್ದುತ್ತಾನೆ. ನಾವು ಟಿವಿ ಮುಂದೆ ‘ಅಯ್ಯೋ, ಇವತ್ತು ಇವಂಗ ಏನಾಗೇತಿ’ ಎಂದು ರೇಡರ್‌ನನ್ನು ಬೈಯುತ್ತಿರುತ್ತೇವೆ. ಅವನಿಗೇನೂ ಆಗಿರುವುದಿಲ್ಲ. ಲೀಗಿನಲ್ಲಿ ಅವನ ಪಾಲಿಗೆ ತೆರೆದಿದ್ದ ಬಾಗಿಲುಗಳನ್ನು ಯಾರೋ ಮುಚ್ಚಿರುತ್ತಾರೆ, ಅಷ್ಟೆ.

ನಮ್ಮನ್ನು ದಾರಿ ತಪ್ಪಿಸಿದ ರಾತ್ರಿ

2019ರ ಜನವರಿ 5. ಮುಂಬೈಯಲ್ಲಿ ಆರನೇ ಆವೃತ್ತಿಯ ಫೈನಲ್, ಬೆಂಗಳೂರು ಬುಲ್ಸ್ ಎದುರು ಗುಜರಾತ್. ಅರ್ಧ ಆಟ ಮುಗಿದಾಗ ಗುಜರಾತ್ ಏಳು ಅಂಕ ಮುಂದಿತ್ತು. ನಮ್ಮ ಓಣಿಯ ಹಿರಿಯರೊಬ್ಬರು ಟವೆಲ್ ಝಾಡಿಸಿ ಹೆಗಲ ಮೇಲೆ ಹಾಕಿಕೊಂಡು ಎದ್ದೇ ಬಿಟ್ಟರು: “ಮುಗೀತು ತಗೀ. ಬೆಳಿಗ್ಗೆ ಜ್ವಾಳಕ್ಕ ಹೋಗೂದದ.” ಅವರು ಮನೆ ಮುಟ್ಟುವ ಹೊತ್ತಿಗೆ ಪವನ್ ಸೆಹ್ರಾವತ್ ಆಟ ತಿರುಗಿಸಿದ್ದ. ಬುಲ್ಸ್ 38, ಗುಜರಾತ್ 33. ಆ 38ರಲ್ಲಿ ಪವನ್ ಒಬ್ಬನದೇ 22. ಕರ್ನಾಟಕದ ತಂಡಕ್ಕೆ ಮೊದಲ ಪ್ರೊ ಕಬಡ್ಡಿ ಕಪ್ ಬಂತು. ಇವತ್ತಿನವರೆಗೂ ಅದೊಂದೇ.

ಆ ಸಂತೋಷದಲ್ಲೂ ಒಂದು ಮುಳ್ಳಿತ್ತು. ಚಾಂಪಿಯನ್ ಆದ ಆ ವರ್ಷ ಬುಲ್ಸ್‌ನ ‘ತವರು’ ಪಂದ್ಯಗಳು ನಡೆದದ್ದು ಪುಣೆಯಲ್ಲಿ. ಅದರ ಹಿಂದಿನ ಆವೃತ್ತಿಯಲ್ಲಿ ನಾಗಪುರದಲ್ಲಿ. ಸವದತ್ತಿ ಸೀಮೆಯವರಿಗೆ ಬೆಂಗಳೂರೂ ಒಂದು ರಾತ್ರಿಯ ಬಸ್ಸಿನ ದಾರಿ, ಪುಣೆಯೂ ಒಂದು ರಾತ್ರಿಯ ಬಸ್ಸಿನ ದಾರಿ. ನಮಗೆ ಅಂಥ ವ್ಯತ್ಯಾಸವೇನೂ ಆಗಲಿಲ್ಲ ಎಂದು ನಾವೇ ಸಮಾಧಾನ ಹೇಳಿಕೊಂಡೆವು.

ಆದರೆ ಆ ರಾತ್ರಿಯೇ ನಮ್ಮನ್ನು ಕೆಡಿಸಿತು. ಒಬ್ಬ ರೇಡರ್ ಇದ್ದರೆ ಕಪ್ ಬರುತ್ತದೆ ಎಂಬ ನಂಬಿಕೆ ಅಂದು ಮನೆಮನೆ ಹೊಕ್ಕಿತು. ಮುಂದಿನ ಆವೃತ್ತಿಯಲ್ಲಿ ಪವನ್ ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ಅಂಕ ತಂದ. ಅದು ದಾಖಲೆ. ಎಲಿಮಿನೇಟರ್‌ನಲ್ಲಿ ಯುಪಿ ಯೋಧಾ ಎದುರು ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯವನ್ನು 48–45ರಲ್ಲಿ ದಡ ಸೇರಿಸಿದ. ಎರಡೇ ದಿನಕ್ಕೆ ಸೆಮಿಫೈನಲ್. ಡೆಲ್ಲಿ 44, ಬುಲ್ಸ್ 38. ಎರಡು ಪಂದ್ಯದಲ್ಲಿ 86 ಅಂಕ ಗಳಿಸಿದ ತಂಡ ಬಿಟ್ಟುಕೊಟ್ಟದ್ದು 89. ನಮ್ಮ ರೋಗ ಇದ್ದದ್ದು ಅಲ್ಲಿ. ನಾವು ಮಾತ್ರ ಪವನ್ ಸುಸ್ತಾಗಿದ್ದ ಎಂದುಕೊಂಡೆವು.

ಒಂಬತ್ತನೇ ಆವೃತ್ತಿಗೆ ಮುಂಚೆ ಬುಲ್ಸ್ ಪವನ್‌ನನ್ನೇ ಬಿಟ್ಟುಕೊಟ್ಟಿತು. ಸಿರಸಂಗಿಯವರಿಗೆ ತ್ಯಾಗ ಹೊಸದಲ್ಲ. ಇಡೀ ಸಂಸ್ಥಾನವನ್ನೇ ಮಕ್ಕಳ ವಿದ್ಯೆಗೆಂದು ಬರೆದಿಟ್ಟ ತ್ಯಾಗವೀರ ಲಿಂಗರಾಜ ದೇಸಾಯರ ಊರು ನಮ್ಮದು. ಅಂಥ ಊರಿನವನಾದರೂ ಈ ತ್ಯಾಗ ನನಗೆ ಅರ್ಥವಾಗಲಿಲ್ಲ. ತಮಿಳ್ ತಲೈವಾಸ್ ಅವನನ್ನು 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಅಷ್ಟು ಬೆಲೆಯ ಆಟಗಾರ ಮೊದಲ ಪಂದ್ಯದ ಮೊದಲ ನಿಮಿಷಗಳಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಆವೃತ್ತಿಯಿಂದಲೇ ಹೊರಬಿದ್ದ. ಪವನ್ ಇಲ್ಲದ ಬುಲ್ಸ್ ಭರತ್‌ನ ರೇಡಿನ ಮೇಲೆ ಪ್ಲೇಆಫ್ ತಲುಪಿ, ಎಲಿಮಿನೇಟರ್‌ನಲ್ಲಿ ಡೆಲ್ಲಿಯನ್ನು 56–24ರಿಂದ ಬಡಿಯಿತು. ಅಷ್ಟೇ ಅಲ್ಲ, ಪವನ್ ಇಲ್ಲದ ತಲೈವಾಸ್ ಕೂಡ ಸೆಮಿಫೈನಲ್ ತನಕ ಬಂತು. ನಾನು ಎರಡೂ ಕಡೆ ಸುಳ್ಳಾದೆ. ಆದರೆ ಸೆಮಿಫೈನಲಿನಲ್ಲಿ ಜೈಪುರ ಬುಲ್ಸ್‌ನ್ನು 49–29ರಿಂದ ಮಡಚಿಟ್ಟಿತು. ಮತ್ತೆ ಅದೇ ಕಥೆ, 49 ಬಿಟ್ಟುಕೊಟ್ಟರೆ ಯಾವ ಗಂಡು ರೇಡರ್ ಬಂದರೇನು?

ಅಂಕಪಟ್ಟಿಗೆ ಬಾಯಿ ಬಂದರೆ

ಫೈನಲುಗಳನ್ನು ಸಾಲಾಗಿ ಇಟ್ಟು ಎರಡೂ ತಂಡಗಳ ಅಂಕ ಕೂಡಿಸಿ ನೋಡಿದೆ. 2014ರ ಮೊದಲ ಫೈನಲಿನಲ್ಲಿ ಜೈಪುರ 35, ಯು ಮುಂಬಾ 24. ಒಟ್ಟು 59. ಎರಡನೆಯದರಲ್ಲಿ ನಮ್ಮ ಬುಲ್ಸ್ ಯು ಮುಂಬಾಗೆ 30–36ರಲ್ಲಿ ಸೋತಾಗ 66. ಮೂರನೆಯದರಲ್ಲಿ 59, ನಾಲ್ಕನೆಯದರಲ್ಲಿ 66. ಐದನೆಯದಕ್ಕೆ ಒಮ್ಮೆಲೇ 93ಕ್ಕೆ ಜಿಗಿತ, ಪಟ್ನಾ 55, ಗುಜರಾತ್ 38.

ಅದು ಪರ್ದೀಪ್ ನರ್ವಾಲ್‌ನ ಕಾಲ. ಆ ಆವೃತ್ತಿಯಲ್ಲಿ ಅವನು ಗಳಿಸಿದ್ದು 369 ರೇಡ್ ಅಂಕ. ಹರಿಯಾಣದ ವಿರುದ್ಧ ಎಲಿಮಿನೇಟರ್‌ನಲ್ಲೇ 34. ಅವನು ಡುಬ್ಕಿ ಹೊಡೆದರೆ ಚೈನ್ ಕಟ್ಟಿ ನಿಂತ ರಕ್ಷಕರ ತೋಳಿನ ಕೆಳಗೆ ಹಾವು ನುಸುಳಿದಂತೆ. ಪ್ಲೇಆಫ್ ರಕ್ಷಕರ ಆಟ ಎಂಬ ನನ್ನ ಮಾತಿಗೆ ಅವನೇ ಸರಿಯಾದ ಎದುರುತ್ತರ. ಒಪ್ಪುತ್ತೇನೆ. ಆದರೆ ಹಾವಿನ ದಾರಿ ಗೊತ್ತಾದ ಮೇಲೆ ರಕ್ಷಕರು ಬಗ್ಗಿ ನಿಲ್ಲುವುದನ್ನು ಕಲಿತರು. ಮುಂದಿನ ಮೂರು ಫೈನಲುಗಳ ಮೊತ್ತ 71, 73, 73. ಆಮೇಲಿನ ನಾಲ್ಕು 62, 53, 55, 59. ಮೊತ್ತ ಹೊರಟಲ್ಲಿಗೇ ಬಂದು ನಿಂತಿದೆ. ಪರ್ದೀಪ್‌ನದು ಹಳ್ಳಕ್ಕೆ ಒಮ್ಮೆ ಬಂದ ಮಹಾಪೂರ. ಅದನ್ನು ಕಂಡು ನಾವು ಹಳ್ಳದ ಅಳತೆಯೇ ಅಷ್ಟು ಎಂದುಕೊಂಡೆವು.

ಒಬ್ಬೊಬ್ಬ ಆಟಗಾರನ ಲೆಕ್ಕ ತೆಗೆದರೆ ಮಾತು ಇನ್ನೂ ಗಟ್ಟಿಯಾಗುತ್ತದೆ. 2019ರ ಅಕ್ಟೋಬರಿನ ಫೈನಲಿನಲ್ಲಿ ಡೆಲ್ಲಿಯ ನವೀನ್ ಕುಮಾರ್ ಒಬ್ಬನೇ 18 ಅಂಕ ತಂದ. ಎದುರಿಗಿದ್ದ ಬೆಂಗಾಲ್ ವಾರಿಯರ್ಸ್‌ಗೆ ತನ್ನ ನಾಯಕ, ಮುಖ್ಯ ರೇಡರ್ ಮಣಿಂದರ್ ಸಿಂಗ್ ಗಾಯದಿಂದ ಇರಲೇ ಇಲ್ಲ. ಕಪ್ ಬೆಂಗಾಲಿಗೆ ಹೋಯಿತು, 39–34. ಎಂಟನೇ ಆವೃತ್ತಿಯಲ್ಲಿ ಡೆಲ್ಲಿ ಒಂದೇ ಅಂಕದಿಂದ ಪಟ್ನಾವನ್ನು ಸೋಲಿಸಿ ಗೆದ್ದಾಗ ನವೀನ್‌ಗಿಂತ ಹೆಚ್ಚು ಅಂಕ ತಂದವನು ಎರಡನೇ ಸಾಲಿನ ವಿಜಯ್ ಮಲಿಕ್. ಹತ್ತನೇ ಆವೃತ್ತಿಯಲ್ಲಿ ಲೀಗಿನ ಅತಿ ದುಬಾರಿ ಆಟಗಾರ ಅದೇ ಪವನ್, ತೆಲುಗು ಟೈಟನ್ಸ್‌ನಲ್ಲಿ, 2 ಕೋಟಿ 60 ಲಕ್ಷ ದಾಟಿ. ಟೈಟನ್ಸ್ 22 ಪಂದ್ಯದಲ್ಲಿ ಎರಡೇ ಗೆದ್ದು ಕೊನೆಯ ಸ್ಥಾನಕ್ಕೆ ಕೂತಿತು. ಕಪ್ ಎತ್ತಿದ ಪುಣೇರಿ ಪಲ್ಟನ್‌ಗೆ ಫೈನಲಿನಲ್ಲಿ 28 ಅಂಕ ಸಾಕಾಯಿತು. ಅವರ ಯಾವ ರೇಡರೂ ಎರಡಂಕಿ ಮುಟ್ಟಲಿಲ್ಲ.

ಹನ್ನೊಂದನೆಯದು ನಮ್ಮ ಪಾಲಿನ ಶನಿಕಾಟ. ಬುಲ್ಸ್ ಆ ಮಹಾಪೂರದ ಪರ್ದೀಪ್‌ನನ್ನೇ ಕರೆತಂದಿತು. ಹಳ್ಳ ಬತ್ತಿತ್ತು. ತಂಡ ಹನ್ನೆರಡಕ್ಕೆ ಹನ್ನೆರಡನೆಯದಾಯಿತು. ಆ ವರ್ಷ ರೇಡಿನಲ್ಲಿ 300 ಅಂಕ ದಾಟಿದವನು ಪಟ್ನಾದ ದೇವಾಂಕ್. ಫೈನಲಿನಲ್ಲಿ ಹರಿಯಾಣದ ರಕ್ಷಕರು ಅವನನ್ನು ಎರಡಂಕಿಯ ಹತ್ತಿರಕ್ಕೂ ಬಿಡಲಿಲ್ಲ. ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂಯಿ ಎಡ ಮೂಲೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಹರಿಯಾಣ 32, ಪಟ್ನಾ 23. ಇದೇ ಶಾದ್ಲೂಯಿ ಹಿಂದಿನ ವರ್ಷ ಪುಣೆಯ ಮೂಲೆಯಲ್ಲಿದ್ದ. ಅವನು ಎಲ್ಲಿಗೆ ಹೋದನೋ ಕಪ್ ಅಲ್ಲಿಗೆ ಹೋಯಿತು. ಎರಡು ವರ್ಷ, ಎರಡು ತಂಡ, ಒಂದೇ ಮೂಲೆ.

ಇತ್ತೀಚೆಗೆ ಇದನ್ನೆಲ್ಲ ಅಳಿಯನಿಗೆ ಹೇಳಿದಾಗ ಅವನೂ ತನ್ನ ಕಡೆಯ ಲೆಕ್ಕ ಬಿಚ್ಚಿದ. 2013ರ ಋತುವಿನಲ್ಲಿ ಡೆನ್ವರ್ ಬ್ರಾಂಕೋಸ್ 606 ಅಂಕ ಬಾಚಿ ಆ ಲೀಗಿನ ದಾಖಲೆ ಬರೆಯಿತಂತೆ. ಎಸೆಯುವವನು ಪೇಟನ್ ಮ್ಯಾನಿಂಗ್. ಫೈನಲಿನಲ್ಲಿ ಎದುರಾದದ್ದು ಸಿಯಾಟಲ್ ಸೀಹಾಕ್ಸ್‌ನ ರಕ್ಷಣೆ. ಬ್ರಾಂಕೋಸ್‌ಗೆ ಸಿಕ್ಕಿದ್ದು 8 ಅಂಕ, ಸಿಯಾಟಲ್‌ಗೆ 43. ಅದಕ್ಕೂ ಮುಂಚೆ 2007ರ ಋತುವಿನಲ್ಲಿ ಟಾಮ್ ಬ್ರೇಡಿಯ ಪೇಟ್ರಿಯಟ್ಸ್ ಲೀಗಿನ 16ಕ್ಕೆ 16 ಪಂದ್ಯ ಗೆದ್ದು ಫೈನಲಿಗೆ ಬಂತು. ನ್ಯೂಯಾರ್ಕ್ ಜೈಂಟ್ಸ್‌ನ ರಕ್ಷಕರು ಬ್ರೇಡಿಯನ್ನು ಐದು ಸಲ ನೆಲಕ್ಕೆ ಕೆಡವಿ 17–14ರಲ್ಲಿ ಕಪ್ ಕಿತ್ತುಕೊಂಡರು. 2025ರ ಫೆಬ್ರುವರಿಯಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ಗೂ ಅದೇ ಗತಿ. ಫಿಲಡೆಲ್ಫಿಯಾದವರು ಆರು ಸಲ ಕೆಡವಿದರು, 40–22.

“ಅಂದ್ರ ಕಾಯೋರೇ ಕಪ್ ತರೋರು ಅಂದಂಗಾತಲ್ರಿ ಮಾಮಾ,” ಎಂದ.

“ನಮ್ಮ ಹೊಲದಾಗ ಬೆಳಿ ಬೆಳಿಯಾಂವ ಒಬ್ಬ, ಹಕ್ಕಿ ಕಾಯಾಂವ ಒಬ್ಬ. ಕಾಯಲಿಲ್ಲ ಅಂದ್ರ ರಾಶಿ ಎಲ್ಲಿಂದ ಬರತೈತಿ?” ಎಂದೆ.

ಸೋತವನಿಗೆ ಎರಡನೇ ಬಾಗಿಲು

ಪ್ಲೇಆಫ್ ಹೇಗಿರಬೇಕು ಎಂಬುದರ ಮೇಲೂ ನಮ್ಮ ಓಣಿಯಲ್ಲಿ ಎರಡು ಪಕ್ಷಗಳಿವೆ. ಬುಲ್ಸ್ ಗೆದ್ದ ಆರನೇ ಆವೃತ್ತಿಯಲ್ಲಿ ಕ್ವಾಲಿಫೈಯರ್ ಪದ್ಧತಿಯಿತ್ತು. ಮೊದಲ ಕ್ವಾಲಿಫೈಯರ್‌ನಲ್ಲಿ ಗುಜರಾತನ್ನು 41–29ರಿಂದ ಸೋಲಿಸಿ ಬುಲ್ಸ್ ಫೈನಲ್ ಸೇರಿತು. ಸೋತ ಗುಜರಾತಿಗೆ ಇನ್ನೊಂದು ಬಾಗಿಲು ತೆರೆದಿತ್ತು, ಅಲ್ಲಿಂದ ನುಗ್ಗಿ ಫೈನಲಿಗೂ ಬಂತು. ಏಳನೆಯದರಿಂದ ಹನ್ನೊಂದನೆಯದರವರೆಗೆ ಬೇರೆ ಪದ್ಧತಿ. ಮೊದಲ ಆರು ತಂಡಗಳಿಗೆ ಪ್ಲೇಆಫ್, ಅಗ್ರ ಎರಡಕ್ಕೆ ನೇರ ಸೆಮಿಫೈನಲ್, ಸೋತರೆ ಯಾರಾದರೂ ಮನೆಗೆ. 2025ರ ಹನ್ನೆರಡನೆಯದಕ್ಕೆ ಎಂಟು ತಂಡಗಳನ್ನು ಒಳಬಿಟ್ಟು, ಮೇಲಿನ ನಾಲ್ಕಕ್ಕೆ ಮತ್ತೆ ಎರಡನೇ ಅವಕಾಶ ಕೊಟ್ಟರು.

ಇಡೀ ಲೀಗು ಬೆವರು ಸುರಿಸಿ ಮೇಲೆ ಬಂದ ತಂಡ 40 ನಿಮಿಷದ ಒಂದು ಕೆಟ್ಟ ಸಂಜೆಗೆ ಮನೆಗೆ ಹೋಗಬೇಕೇ ಎಂಬುದು ಒಂದು ಪಕ್ಷದ ವಾದ. ಐಪಿಎಲ್ ನೋಡಿದವರಿಗೆ ಈ ವಾದ ಸುಲಭವಾಗಿ ಹಿಡಿಸುತ್ತದೆ. ನಾನು ಇನ್ನೊಂದು ಪಕ್ಷ. ಅಗ್ರ ತಂಡಕ್ಕೆ ವಿರಾಮ ಕೊಡಿ, ಎರಡನೇ ಜೀವ ಕೊಡಬೇಡಿ. ಅಮೆರಿಕದವರು ಹಾಗೇ ಮಾಡುತ್ತಾರೆ. ಎರಡು ಗುಂಪುಗಳ ಅಗ್ರ ತಂಡಗಳಿಗೆ ಒಂದು ವಾರದ ಬಿಡುವು, ಆಮೇಲೆ ಎಲ್ಲರಿಗೂ ಒಂದೇ ಕತ್ತಿ.

ನನ್ನ ಕೈಗೆ ಸಾಕ್ಷಿಯೂ ಸಿಕ್ಕಿದೆ. 2011ರ ಐಪಿಎಲ್‌ನಲ್ಲಿ ನಮ್ಮ ಆರ್‌ಸಿಬಿ ಮೊದಲ ಕ್ವಾಲಿಫೈಯರ್‌ನಲ್ಲಿ ಚೆನ್ನೈಗೆ ಸೋತು, ಎರಡನೇ ಬಾಗಿಲಿಂದ ಫೈನಲಿಗೆ ಬಂದು, ಅದೇ ಚೆನ್ನೈಗೆ 58 ರನ್ನಿನಿಂದ ಸೋತಿತು. 2025ರ ಕಬಡ್ಡಿಯಲ್ಲಿ ಪುಣೆ ಮೊದಲ ಕ್ವಾಲಿಫೈಯರ್‌ನಲ್ಲಿ ಡೆಲ್ಲಿಗೆ ಟೈಬ್ರೇಕರ್‌ನಲ್ಲಿ ಸೋತು, ಸುತ್ತು ಬಳಸಿ ಫೈನಲಿಗೆ ಬಂದು, ಅಕ್ಟೋಬರ್ 31ರಂದು ಅದೇ ಡೆಲ್ಲಿಗೆ 28–31ರಲ್ಲಿ ಸೋತಿತು. ಎರಡನೇ ಬಾಗಿಲು ತೆರೆದರೂ ಒಳಗೆ ಕೂತಿರುವವನು ಅವನೇ. ಆರ್‌ಸಿಬಿ ಹದಿನೆಂಟು ವರ್ಷ ಕಾದು ಕಪ್ ಗೆದ್ದ 2025ರಲ್ಲಿ ಅದಕ್ಕೆ ಆ ಬಾಗಿಲು ಬೇಕಾಗಲೇ ಇಲ್ಲ. ಕ್ವಾಲಿಫೈಯರನ್ನೂ ಫೈನಲನ್ನೂ ಪಂಜಾಬಿನ ಎದುರೇ ನೆಟ್ಟಗೆ ಗೆದ್ದಿತು.

ಹನ್ನೆರಡನೇ ಆವೃತ್ತಿಯ ಬುಲ್ಸ್ ಬಗ್ಗೆ ಒಂದು ಒಳ್ಳೆಯ ಮಾತು ಆಡಲೇಬೇಕು. ಹಿಂದಿನ ವರ್ಷ ತಳ ಕಂಡ ತಂಡ ಪಟ್ಟಿಯಲ್ಲಿ ಮೂರನೆಯದಾಯಿತು. ಇರಾನಿನ ಅಲಿರೆಝಾ ಮಿರ್ಝಾಯಿಯನ್ ರೇಡಿಗೂ ಹೋದ, ಹಿಡಿಯಲಿಕ್ಕೂ ನಿಂತ. ಪ್ಲೇಆಫ್‌ನಲ್ಲಿ ಟೈಟನ್ಸ್‌ಗೆ ಸೋತು, ಆಮೇಲೆ ಪಟ್ನಾಗೂ ಸೋತು ಎರಡೂ ಅವಕಾಶ ಕೈಚೆಲ್ಲಿತು, ನಿಜ. ಆದರೂ ಒಬ್ಬ ರೇಡರ್‌ನ ಹೆಸರಿನ ಮೇಲೆ ಬದುಕುವ ಚಟ ಬಿಟ್ಟದ್ದು ಕಂಡಿತು.

ನಮ್ಮವರು ಎಲ್ಲಿದ್ದರು?

ಆ ಚಟ ಬಿಡಿಸಿದ್ದರಲ್ಲಿ ಒಬ್ಬ ಕನ್ನಡಿಗರ ಕೈಯಿದೆ. ಹನ್ನೆರಡನೇ ಆವೃತ್ತಿಗೆ ಬುಲ್ಸ್‌ನ ತರಬೇತುದಾರರಾಗಿ ಬಂದವರು ಬಿ.ಸಿ. ರಮೇಶ್. 2001ರ ಅರ್ಜುನ ಪ್ರಶಸ್ತಿ ಪಡೆದವರು. ಅದರ ಹಿಂದಿನ ವರ್ಷದ ಅರ್ಜುನವೂ ಕರ್ನಾಟಕಕ್ಕೇ ಬಂದಿತ್ತು, ಸಿ. ಹೊನ್ನಪ್ಪ ಗೌಡರಿಗೆ. ಮಣಿಂದರ್ ಇಲ್ಲದೆಯೇ ಬೆಂಗಾಲ್ ಕಪ್ ಗೆದ್ದಿತಲ್ಲ, ಅದರ ತರಬೇತುದಾರರು ಇದೇ ರಮೇಶ್. ಆ ಫೈನಲಿನಲ್ಲಿ ಮಣಿಂದರ್‌ನ ಜಾಗ ತುಂಬಿ ಆಡಿದವರಲ್ಲೊಬ್ಬ ಕರಾವಳಿಯ ಸುಕೇಶ್ ಹೆಗ್ಡೆ. ಯಾವ ರೇಡರೂ ಎರಡಂಕಿ ಮುಟ್ಟದೆ ಪುಣೆ ಕಪ್ ಗೆದ್ದಿತಲ್ಲ, ಅದರ ತರಬೇತುದಾರರೂ ಇದೇ ರಮೇಶ್. ನಾನು ಎಡ ಮೂಲೆಯವನ ಪಕ್ಷಪಾತದಿಂದ ಹೇಳುವುದನ್ನು ಅವರು ಎರಡು ಬೇರೆ ಬೇರೆ ತಂಡಗಳಲ್ಲಿ ಮಾಡಿ ತೋರಿಸಿದ್ದಾರೆ. ನಮ್ಮ ಮಕ್ಕಳಿಗೆ ಪವನ್‌ನ ಜೆರ್ಸಿ ಸಂಖ್ಯೆ ಗೊತ್ತು, ರಮೇಶರ ಹೆಸರು ಗೊತ್ತಿಲ್ಲ.

ಹೆಣ್ಣುಮಕ್ಕಳ ವಿಷಯ ಬಂದರೆ ನನ್ನ ಸಿಟ್ಟು ಇನ್ನೂ ಜಾಸ್ತಿ. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೇ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಜುಲೈ 31ರಂದು ಹೈದರಾಬಾದಿನಲ್ಲಿ ಫೈನಲ್. ಸ್ಟಾರ್ಮ್ ಕ್ವೀನ್ಸ್ ನಾಯಕಿ ಕರ್ನಾಟಕದ ತೇಜಸ್ವಿನಿ ಬಾಯಿ, 2011ರ ಅರ್ಜುನ. ಫೈರ್ ಬರ್ಡ್ಸ್ ನಾಯಕಿ ಕಾರ್ಕಳ ಕಡೆಯ ಮಮತಾ ಪೂಜಾರಿ, 2014ರ ಅರ್ಜುನ. ಇಬ್ಬರೂ ಏಷ್ಯನ್ ಗೇಮ್ಸ್ ಚಿನ್ನ ತಂದವರು. 24–23. ಒಂದೇ ಅಂಕದಿಂದ ತೇಜಸ್ವಿನಿಯ ತಂಡ ಗೆದ್ದಿತು. ಎರಡೂ ಕಡೆ ನಮ್ಮದೇ ಹುಡುಗಿಯರು ನಾಯಕಿಯರಾಗಿ ಒಂದು ಅಂಕದ ಫೈನಲ್ ಆಡಿದ ಸಂಜೆಯನ್ನು ಎಷ್ಟು ಜನ ನೋಡಿದೆವು? ಅದೇ ಸಂಜೆ ಪುರುಷರ ಫೈನಲೂ ಇತ್ತು, ಪಟ್ನಾ ಎದುರು ಜೈಪುರ. ನಾನೂ ಅದಕ್ಕೆ ಸರಿಯಾಗಿ ಟಿವಿ ಮುಂದೆ ಕೂತೆ. ಮರುವರ್ಷ ಮಹಿಳೆಯರ ಆ ಪಂದ್ಯಾವಳಿ ನಡೆಯಲಿಲ್ಲ.

ಹೊನಲು ಬೆಳಕಿನ ಕೆಳಗೆ

ಯುಗಾದಿಗೆ ಸಿರಸಂಗಿಯಲ್ಲಿ ಕಾಳಮ್ಮನ ಜಾತ್ರೆ. ಹೊಸ ಗೋಧಿ ತಂದು ಅವ್ವನಿಗೆ ಅರ್ಪಿಸುವ ದಿನಗಳು. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದು ಹೊಲ ಬರಿದಾಯಿತೆಂದರೆ ಒಂದಲ್ಲ ಒಂದು ಊರಿನಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಬ್ಯಾನರ್ ಏಳುತ್ತದೆ. ಎರೆ ಮಣ್ಣಿಗೆ ಬೇರೆ ಮಣ್ಣು ಬೆರೆಸಿ, ಹೆಂಟೆ ಒಡೆದು, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು ಅಂಕಣ ಮಾಡುತ್ತಾರೆ. ಸವದತ್ತಿ, ಬೈಲಹೊಂಗಲ, ರಾಮದುರ್ಗ ಕಡೆಯಿಂದ ಕ್ರೂಸರ್, ಟಂಟಂ, ಟ್ರ್ಯಾಕ್ಟರ್ ಹತ್ತಿ ತಂಡಗಳು ಬರುತ್ತವೆ. ಪ್ರವೇಶ ಫೀ ಕಟ್ಟಿ, ಚೀಟಿ ಎತ್ತಿ, ಸೋತವರು ಬಂದ ಗಾಡಿಯಲ್ಲೇ ವಾಪಸು. ಕ್ವಾಲಿಫೈಯರ್ ಇಲ್ಲ, ಎರಡನೇ ಬಾಗಿಲಿಲ್ಲ. ಪ್ಲೇಆಫ್ ಎಂಬ ಹೆಸರು ಕಿವಿಗೆ ಬೀಳುವ ಮುಂಚೆಯೇ ನಾವು ಆಡುತ್ತಿದ್ದದ್ದೆಲ್ಲ ಪ್ಲೇಆಫೇ.

ಅಲ್ಲಿ ಹಳೆಯ ತಂಡಗಳನ್ನು ಗಮನಿಸಿ. ಮೊದಲ ಪಂದ್ಯದಲ್ಲೇ ಹಾರಾಡುವ ರೇಡರ್ ನಸುಕಿನ ಮೂರರ ಫೈನಲಿಗೆ ಬರುವಷ್ಟರಲ್ಲಿ ದಮ್ಮು ಕಳೆದುಕೊಂಡಿರುತ್ತಾನೆ. ಒಂದೇ ರಾತ್ರಿಯಲ್ಲಿ ಐದಾರು ಪಂದ್ಯ. ಆಗ ಉಳಿಯುವುದು ಮೂಲೆಯವನ ಹಿಡಿತ ಮತ್ತು ಬದಲಿಯಾಗಿ ಹೊರಗೆ ಕೂತ ಒಬ್ಬ ಹೆಚ್ಚಿನ ಹುಡುಗ. ಇದು ಗೊತ್ತಿರುವ ನಾಯಕರು ರೇಡರ್‌ನನ್ನು ಮೊದಲ ಸುತ್ತಿನಲ್ಲಿ ಉಳಿಸಿಡುತ್ತಾರೆ. ಕೋಟಿ ಕೊಟ್ಟು ತಂಡ ಕಟ್ಟುವವರಿಗೆ ಹನ್ನೆರಡು ಆವೃತ್ತಿ ಹಿಡಿದ ಪಾಠವನ್ನು ನಮ್ಮ ಕಡೆಯ ತಂಡಗಳು ಒಂದು ರಾತ್ರಿಯಲ್ಲಿ ಕಲಿಯುತ್ತವೆ. ನೋಡಲು ಬಂದ ನಾವು ಮಾತ್ರ ಕಲಿಯುವುದಿಲ್ಲ.

ಫೈನಲ್ ಮುಗಿದ ಮೇಲೆ ಮೈಕಿನವನು ಬಹುಮಾನ ಕೂಗುತ್ತಾನೆ. ಗೆದ್ದ ತಂಡಕ್ಕೆ ಢಾಲು, ನಗದು. ಆಮೇಲೆ ‘ಉತ್ತಮ ದಾಳಿಗಾರ’. ಶಿಳ್ಳೆ, ಹಲಗೆ, ಹುಡುಗನನ್ನು ಹೆಗಲ ಮೇಲೆ ಹೊತ್ತು ಕುಣಿತ. ಅದರ ನಂತರ ‘ಉತ್ತಮ ಹಿಡಿತಗಾರ’. ಅಷ್ಟರಲ್ಲಿ ಜನ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ, ಹೆಂಗಸರು ಮಲಗಿದ ಮಕ್ಕಳನ್ನು ಎತ್ತಿಕೊಳ್ಳುತ್ತಿರುತ್ತಾರೆ, ಮಿರ್ಚಿ ಅಂಗಡಿಯವನು ಬುಟ್ಟಿ ಮುಚ್ಚುತ್ತಿರುತ್ತಾನೆ. ಮೊಣಕೈ ಸುಲಿದ ಹುಡುಗನೊಬ್ಬ ಮಣ್ಣು ಒರೆಸಿಕೊಳ್ಳುತ್ತ ವೇದಿಕೆ ಹತ್ತಿ, ಕಪ್ಪನ್ನು ಬಗಲಲ್ಲಿ ಇಟ್ಟುಕೊಂಡು ಇಳಿಯುತ್ತಾನೆ. ನಾನೂ ಎಷ್ಟೋ ವರ್ಷ ಆ ಹೊತ್ತಿಗೆ ಅರ್ಧ ದಾರಿಯಲ್ಲಿರುತ್ತಿದ್ದೆ. ಈಗೀಗ ಆ ಹೆಸರು ಕೂಗುವ ತನಕ ಕೂರುತ್ತೇನೆ. ಚಪ್ಪಲಿ ಎಲ್ಲಿಗೂ ಹೋಗುವುದಿಲ್ಲ.